ಬಲೂನು ಹಿಗ್ಗುವ ಮುನ್ನ ಬರೆದಿಡಬೇಕಾದ ಲೆಕ್ಕ

ವೈದ್ಯಕೀಯ ಉಪಕರಣಗಳ ತಯಾರಿಕೆಯನ್ನು ಕುರಿತ ವಿಚಾರಗೋಷ್ಠಿಗಳಲ್ಲಿ ಎರಡು ವಿಷಯಗಳು ಪುನಃ ಪುನಃ ಪ್ರಸ್ತಾಪಕ್ಕೆ ಬರುತ್ತವೆ. ಒಂದು ಬೆಲೆ, ಇನ್ನೊಂದು ಆಮದು. ಹೊರದೇಶದಿಂದ ಬರುವ ಸರಕನ್ನು ಇಲ್ಲಿಯೇ ತಯಾರಿಸಿ ಕಡಿಮೆ ಬೆಲೆಗೆ ಒದಗಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಸರಕು ರೋಗಿಯ ದೇಹದೊಳಗೆ ಹೋದ ಮೇಲೆ ಉಂಟುಮಾಡಬಹುದಾದ ಹಾನಿ ಎಷ್ಟು, ಅದನ್ನು ಮುಂಚಿತವಾಗಿ ಅಂದಾಜು ಮಾಡಲು ಸಾಧ್ಯವೇ, ಸಾಧ್ಯವಿದ್ದರೆ ಅದರ ಹೊಣೆ ಯಾರದು ಎಂಬ ಪ್ರಶ್ನೆಗಳು ಉದ್ಯಮಿಗಳ ಸಭೆಯಲ್ಲಿ ಕೇಳಿಬರುವುದು ವಿರಳ. ಅದು ವೈದ್ಯರ ವಿಷಯವೆಂದು ಬದಿಗೆ ಸರಿಸುವುದೇ ರೂಢಿಯಾಗಿದೆ. ಸುಣ್ಣಗಟ್ಟಿದ ಕಾಲಿನ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ರೂಢಿ ತಪ್ಪೆಂಬುದು ತಿಳಿಯುತ್ತದೆ. ಅಲ್ಲಿ ಹಾನಿಯ ಮುನ್ಸೂಚನೆಗೆ ಬೇಕಾದ ಮಾಹಿತಿಯ ಒಂದು ಪಾಲು ತಯಾರಕನ ಬಳಿ ಇದೆ, ಒಂದು ಪಾಲು ವಿತರಕನ ಕಪಾಟಿನಲ್ಲಿದೆ, ಉಳಿದದ್ದು ಆಸ್ಪತ್ರೆಯಲ್ಲಿದೆ. ಈ ಮೂರು ಪಾಲುಗಳು ಒಂದೇ ಕಾಗದದ ಮೇಲೆ ಕೂಡುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರ ಸಂಖ್ಯೆ ಸುಮಾರು 10.1 ಕೋಟಿ. ಈ ಕಾಯಿಲೆ ಹಳೆಯದಾದಂತೆ ಕಾಲಿನ ರಕ್ತನಾಳಗಳು, ವಿಶೇಷವಾಗಿ ಮೊಣಕಾಲಿನಿಂದ ಕೆಳಗಿನ ಸಣ್ಣ ನಾಳಗಳು, ಕಿರಿದಾಗುತ್ತವೆ. ಅವುಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಬೀಡಿ ಸಿಗರೇಟಿನ ಅಭ್ಯಾಸವೂ ಮೂತ್ರಪಿಂಡದ ತೊಂದರೆಯೂ ಜೊತೆಗೂಡಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಪಾದಕ್ಕೆ ರಕ್ತ ಸಾಲದೆ ಸಣ್ಣ ಗಾಯವೂ ಮಾಯುವುದಿಲ್ಲ. ಬೆರಳು ಕಪ್ಪಾಗುತ್ತದೆ, ಬೆರಳು ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ. ದಿನವಿಡೀ ಗಲ್ಲದ ಮುಂದೆ ಕುಳಿತೋ ಯಂತ್ರದ ಮುಂದೆ ನಿಂತೋ ದುಡಿಯುವ ವರ್ಗಕ್ಕೆ ಇದು ದೂರದ ಸಂಗತಿಯೇನೂ ಅಲ್ಲ.

ಅಡುಗೆಮನೆಯಲ್ಲಿ ಹುಟ್ಟಿದ ಉಪಕರಣ

ಈ ಚಿಕಿತ್ಸೆಯ ಚರಿತ್ರೆಯಲ್ಲಿ ಸಣ್ಣ ತಯಾರಕರಿಗೆ ಆಸಕ್ತಿಯೆನಿಸುವ ಅಂಶವಿದೆ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣ ತಜ್ಞರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ರಕ್ತನಾಳದಲ್ಲಿ ಒಂದಕ್ಕಿಂತ ಒಂದು ದಪ್ಪನಾದ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು. ಆಕೆಯ ಕಾಲು ಉಳಿಯಿತು. ಹತ್ತು ವರ್ಷಗಳ ತರುವಾಯ, 1974ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ವೈದ್ಯರು ನಳಿಕೆಯ ತುದಿಗೆ ಪಿವಿಸಿ ಬಲೂನು ಜೋಡಿಸಿ ರೋಗಿಯೊಬ್ಬರ ಕಾಲಿನ ನಾಳವನ್ನು ಹಿಗ್ಗಿಸಿದರು. ಆ ಬಲೂನುಗಳನ್ನು ಅವರು ರೂಪಿಸಿದ್ದು ಸ್ವಂತ ಮನೆಯ ಅಡುಗೆಮನೆಯ ಮೇಜಿನ ಮೇಲೆ. ಹೃದಯದ ರಕ್ತನಾಳಕ್ಕೆ ಅದೇ ವಿಧಾನವನ್ನು ಅವರು ಅನ್ವಯಿಸಿದ್ದು 1977ರಲ್ಲಿ. ಹೃದಯದ ಬಲೂನಿಗೆ ಬಂದ ಕೀರ್ತಿ ಕಾಲಿನ ಬಲೂನಿಗೆ ಬರಲಿಲ್ಲವಾದರೂ ಹುಟ್ಟಿನಲ್ಲಿ ಕಾಲಿನದೇ ಹಿರಿದು.

ಇಂದಿನ ಬಲೂನು ನೈಲಾನ್ ಅಥವಾ ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್ಕಿನದು. ಸಣ್ಣ ಕೊಳವೆಯನ್ನು ಬಿಸಿ ಅಚ್ಚಿನಲ್ಲಿಟ್ಟು ಗಾಳಿಯ ಒತ್ತಡದಿಂದ ಊದಿ ಆಕಾರ ಕೊಡುತ್ತಾರೆ. ನೀರಿನ ಬಾಟಲಿ ಊದುವವರಿಗೆ ಇದರ ತತ್ತ್ವ ಹೊಸದಲ್ಲ. ಅಳತೆಯ ಸೂಕ್ಷ್ಮತೆ ಮಾತ್ರ ಬೇರೆ, ಏಕೆಂದರೆ ಬಲೂನಿನ ಗೋಡೆ ತಲೆಗೂದಲಿಗಿಂತ ತೆಳುವಾಗಿರುತ್ತದೆ. ಅದನ್ನು ಮಡಿಸಿ, ಸುತ್ತಿ, ಕ್ರಿಮಿಶುದ್ಧಿ ಮಾಡಿ ಪೊಟ್ಟಣಕ್ಕೆ ಸೇರಿಸಲಾಗುತ್ತದೆ. ಚಿಕಿತ್ಸೆಯ ವೇಳೆ ಇದರೊಳಗೆ ಕ್ಷಕಿರಣದಲ್ಲಿ ಕಾಣುವ ದ್ರವವನ್ನು ಸಾಮಾನ್ಯವಾಗಿ ಆರರಿಂದ ಹದಿನಾಲ್ಕು ಅಟ್ಮಾಸ್ಫಿಯರ್ ಒತ್ತಡದಲ್ಲಿ ತುಂಬುತ್ತಾರೆ. ವರ್ಕ್‌ಶಾಪಿನ ಸಾಮಾನ್ಯ ಏರ್ ಕಂಪ್ರೆಸರ್ ಕೆಲಸ ಮಾಡುವುದು ಎಂಟು ಅಟ್ಮಾಸ್ಫಿಯರ್ ಆಸುಪಾಸಿನಲ್ಲಿ ಎಂಬುದನ್ನು ನೆನೆದರೆ, ಪೆನ್ಸಿಲಿನ ಸೀಸದಷ್ಟು ದಪ್ಪದ ನಾಳದೊಳಗೆ ಎಂಥ ಬಲ ಕೆಲಸ ಮಾಡುತ್ತಿದೆ ಎಂಬುದು ಓದುಗರ ಅರಿವಿಗೆ ಬಂದೀತು.

ಸೀಳುವುದೇ ಚಿಕಿತ್ಸೆ, ಸೀಳುವುದೇ ಹಾನಿ

ಬಲೂನು ನಾಳದೊಳಗಿನ ಕೊಬ್ಬನ್ನು ಬದಿಗೆ ಒತ್ತಿ ಚಪ್ಪಟೆ ಮಾಡುತ್ತದೆ ಎಂಬ ಜನಸಾಮಾನ್ಯರ ಕಲ್ಪನೆ ಪೂರ್ಣ ನಿಜವಲ್ಲ. ವಾಸ್ತವದಲ್ಲಿ ಅದು ಒಳಪದರವನ್ನು ಸೀಳಿ, ಗೋಡೆಯನ್ನು ಹಿಗ್ಗಿಸಿ ದಾರಿ ಮಾಡುತ್ತದೆ. ಸ್ವಲ್ಪವೂ ಸೀಳದಿದ್ದರೆ ಬಲೂನು ತೆಗೆದ ಕೂಡಲೆ ನಾಳ ಮತ್ತೆ ಕುಗ್ಗುತ್ತದೆ. ಸೀಳು ಆಳವಾದರೆ ಪದರವು ಬಾಗಿಲಿನ ರೆಕ್ಕೆಯಂತೆ ನಾಳದೊಳಗೆ ತೂಗಿ ರಕ್ತದ ಹರಿವನ್ನು ತಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇನ್ನೂ ಆಳವಾದರೆ ನಾಳವೇ ತೂತಾಗುತ್ತದೆ. ಆದುದರಿಂದ ಸೀಳು ಆಗುವುದೇ ಇಲ್ಲವೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎಷ್ಟು ಆಳಕ್ಕೆ, ಯಾವ ಜಾಗದಲ್ಲಿ, ಎಷ್ಟು ಉದ್ದಕ್ಕೆ ಎಂಬುದೇ ಕೇಳಬೇಕಾದ ಪ್ರಶ್ನೆ. ತೊಡೆಯ ನಾಳದ ಬಲೂನು ಚಿಕಿತ್ಸೆಯನ್ನು ಪರಿಶೀಲಿಸಿ ಜಪಾನಿನ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಒಂದಲ್ಲ ಒಂದು ಬಗೆಯ ಸೀಳು ಕಂಡುಬಂದಿತ್ತು. ತೀವ್ರ ಸೀಳಿನ ಪ್ರಮಾಣವೂ ಕಡಿಮೆಯಿರಲಿಲ್ಲ.

ಕ್ಯಾಲ್ಸಿಯಂ ಸೇರಿದಾಗ ಲೆಕ್ಕ ಜಟಿಲವಾಗುತ್ತದೆ. ಅದು ಎರಡು ಬಗೆಯಲ್ಲಿ ಸೇರುತ್ತದೆ. ನಾಳದ ನಡುಪದರದಲ್ಲಿ ಉಂಗುರದಂತೆ ಸೇರುವುದು ಒಂದು ಬಗೆ. 1903ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಮ್ಯೋಂಕೆಬೆರ್ಗ್ ಅವರ ಹೆಸರಿನಿಂದಲೇ ಇದು ಪರಿಚಿತ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಒಳಪದರದ ಕೊಬ್ಬಿನ ಗಡ್ಡೆಯೊಳಗೆ ಹೆಂಟೆಹೆಂಟೆಯಾಗಿ ಸೇರುವುದು ಇನ್ನೊಂದು ಬಗೆ. ಎರಡನೆಯದು ಸಾಮಾನ್ಯವಾಗಿ ನಾಳದ ಒಂದೇ ಮಗ್ಗುಲಲ್ಲಿರುತ್ತದೆ. ಆಗ ಬಲೂನಿನ ಒತ್ತಡಕ್ಕೆ ಗಟ್ಟಿ ಮಗ್ಗುಲು ಜಗ್ಗುವುದಿಲ್ಲ, ಎಳೆತವೆಲ್ಲ ಮೆದು ಮಗ್ಗುಲಿಗೆ ಬೀಳುತ್ತದೆ. ಗಟ್ಟಿ ಮತ್ತು ಮೆದು ಭಾಗಗಳು ಕೂಡುವ ಅಂಚಿನಲ್ಲಿ ಸೀಳು ಹುಟ್ಟುತ್ತದೆ. ರಬ್ಬರನ್ನು ಲೋಹಕ್ಕೆ ಅಂಟಿಸಿ ಬುಷ್ ಮಾಡುವ ಯಾವ ತಯಾರಕನಿಗಾದರೂ ಇದು ಗೊತ್ತಿರುವ ಸಂಗತಿ: ಬಿರುಕು ರಬ್ಬರಿನ ನಡುವೆ ಹುಟ್ಟುವುದಕ್ಕಿಂತ ಹೆಚ್ಚಾಗಿ ಜೋಡಣೆಯ ಅಂಚಿನಲ್ಲಿ ಹುಟ್ಟುತ್ತದೆ.

ಉಂಗುರದಂತೆ ಸುತ್ತಲೂ ಗಟ್ಟಿಯಾದ ನಾಳದಲ್ಲಿ ಬೇರೊಂದು ತೊಂದರೆ. ನಡುವೆ ಬಲೂನು ಹಿಗ್ಗದೆ ಎರಡು ತುದಿಗಳಲ್ಲಿ ಉಬ್ಬುತ್ತದೆ. ನಾಯಿಗೆ ಹಾಕುವ ಎಲುಬಿನ ಆಕಾರವೆಂದು ವೈದ್ಯರು ಇದನ್ನು ವರ್ಣಿಸುತ್ತಾರೆ. ರೋಗವಿರುವ ನಡುಭಾಗ ಹಾಗೆಯೇ ಉಳಿದು, ರೋಗವಿಲ್ಲದ ತುದಿಗಳಿಗೆ ಪೆಟ್ಟಾಗುತ್ತದೆ. ಒತ್ತಡ ಹೆಚ್ಚಿಸಿದರೆ ಪೆಟ್ಟೂ ಹೆಚ್ಚುತ್ತದೆ. ಉಂಗುರ ಒಮ್ಮೆಲೆ ಬಿರಿದರೆ ಅಲ್ಲಿಯವರೆಗೆ ತಡೆದುನಿಂತಿದ್ದ ಬಲವೆಲ್ಲ ಕ್ಷಣದಲ್ಲಿ ಗೋಡೆಯ ಮೇಲೆ ಎರಗುತ್ತದೆ.

ಮುಂಚಿತವಾಗಿ ತಿಳಿಯುವುದೆಷ್ಟು

ಈ ಹಾನಿಯನ್ನು ಮುಂಗಾಣಲು ಇರುವ ಸಾಧನಗಳು ಕಡಿಮೆಯೇನಲ್ಲ. ಕ್ಷಕಿರಣ ಚಿತ್ರದಲ್ಲಿ ಕ್ಯಾಲ್ಸಿಯಂ ನಾಳದ ಒಂದು ಬದಿಯಲ್ಲಿದೆಯೋ ಎರಡು ಬದಿಯಲ್ಲಿದೆಯೋ, ಅದರ ಉದ್ದ 5 ಸೆಂಟಿಮೀಟರಿಗಿಂತ ಕಡಿಮೆಯೋ ಹೆಚ್ಚೋ ಎಂಬುದರ ಆಧಾರದ ಮೇಲೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುವ ಪದ್ಧತಿ 2014ರಿಂದ ಬಳಕೆಯಲ್ಲಿದೆ. ಸಿ.ಟಿ. ಸ್ಕ್ಯಾನಿನಲ್ಲಿ ನಾಳದ ಅಡ್ಡಕೊಯ್ತವನ್ನು ನಾಲ್ಕು ಪಾಲು ಮಾಡಿ ಎಷ್ಟು ಪಾಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಎಣಿಸಬಹುದು. ನಾಳದೊಳಗೆ ಹೋಗುವ ಅಲ್ಟ್ರಾಸೌಂಡ್ ಸಾಧನದಿಂದ ಅದರ ಕೋನವನ್ನು ಡಿಗ್ರಿಗಳಲ್ಲಿ ಅಳೆಯಬಹುದು, ನಾಳದ ನಿಜವಾದ ವ್ಯಾಸವನ್ನೂ ತಿಳಿಯಬಹುದು. ಗಣಕಯಂತ್ರದಲ್ಲಿ ನಾಳದ ಒಂದೊಂದು ಪದರವನ್ನೂ ಪ್ರತ್ಯೇಕವಾಗಿ ರೂಪಿಸಿ ಬಲೂನು ಹಿಗ್ಗಿದಾಗ ಎಳೆತ ಎಲ್ಲಿ ಎಷ್ಟೆಂದು ಲೆಕ್ಕ ಹಾಕುವ ಕೆಲಸವನ್ನು ಆಸ್ಟ್ರಿಯಾದ ಗ್ರಾಜ್ ನಗರದ ಗೆರ್ಹಾರ್ಡ್ ಹೋಲ್ಜಾಫೆಲ್ ಮತ್ತು ಸಂಗಡಿಗರು 2002ರಷ್ಟು ಹಿಂದೆಯೇ ಮಾಡಿ ತೋರಿಸಿದ್ದಾರೆ. ಪ್ರೆಸ್ ಟೂಲ್ ಮತ್ತು ಅಚ್ಚುಗಳ ವಿನ್ಯಾಸಕ್ಕೆ ಬಳಸುವ ಫೈನೈಟ್ ಎಲಿಮೆಂಟ್ ವಿಧಾನವೇ ಅದಕ್ಕೂ ಆಧಾರ.

ಹೃದಯದ ನಾಳಗಳ ವಿಷಯದಲ್ಲಿ ಕಿರಾಣಿ ಅಂಗಡಿಯ ಲೆಕ್ಕದಷ್ಟು ಸರಳವಾದ ಅಂಕಪದ್ಧತಿಯೊಂದು 2018ರಲ್ಲಿ ಹೊರಬಂದಿತು. ಕ್ಯಾಲ್ಸಿಯಂ ಕೋನ 180 ಡಿಗ್ರಿಗಿಂತ ಹೆಚ್ಚಿದ್ದರೆ ಎರಡು ಅಂಕ, ದಪ್ಪ ಅರ್ಧ ಮಿಲಿಮೀಟರಿಗಿಂತ ಹೆಚ್ಚಿದ್ದರೆ ಒಂದು, ಉದ್ದ 5 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಇನ್ನೊಂದು. ನಾಲ್ಕಕ್ಕೆ ನಾಲ್ಕೂ ಬಂದರೆ ಸ್ಟೆಂಟ್ ಸರಿಯಾಗಿ ಅರಳದಿರುವ ಸಂಭವ ಹೆಚ್ಚೆಂದು ತಿಳಿದು ವೈದ್ಯರು ಮೊದಲೇ ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಕಾಲಿನ ನಾಳದ ಸೀಳನ್ನು ಮುಂಗಾಣಲು ಎಲ್ಲರೂ ಒಪ್ಪಿದ ಇಂಥ ಸರಳ ಪಟ್ಟಿ ಇನ್ನೂ ನೆಲೆಗೊಂಡಿಲ್ಲ. ಕಾಲಿನ ನಾಳ ಉದ್ದ, ಒಂದೇ ನಾಳದಲ್ಲಿ ಒಂದೆಡೆ ಉಂಗುರ, ಇನ್ನೊಂದೆಡೆ ಹೆಂಟೆ, ಮತ್ತೊಂದೆಡೆ ಪೂರ್ಣ ಅಡಚಣೆ ಇರಬಹುದು ಎಂಬುದು ಅದಕ್ಕೆ ಒಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಮುನ್ಸೂಚನೆ ನಿಜವಾಯಿತೇ ಇಲ್ಲವೇ ಎಂದು ತಾಳೆ ನೋಡಬೇಕಾದರೆ ಆದ ಹಾನಿಯನ್ನು ಸರಿಯಾಗಿ ಅಳೆಯಬೇಕು. ಸಾಮಾನ್ಯವಾಗಿ ಅಳೆಯುವುದು ಆಂಜಿಯೋಗ್ರಾಂ ಮೂಲಕ, ಅಂದರೆ ನೆರಳಿನ ಚಿತ್ರದ ಮೂಲಕ. ನಾಳದೊಳಗಿನ ಅಲ್ಟ್ರಾಸೌಂಡ್ ಇಟ್ಟು ಹೋಲಿಸಿದ ಅಧ್ಯಯನಗಳಲ್ಲಿ ಆಂಜಿಯೋಗ್ರಾಮಿನಲ್ಲಿ ಕಂಡದ್ದಕ್ಕಿಂತ ಹಲವು ಪಟ್ಟು ಹೆಚ್ಚು ಸೀಳುಗಳು ಪತ್ತೆಯಾಗಿವೆ. ಗೋದಾಮಿನಲ್ಲಿ ಆದ ನಷ್ಟವನ್ನು ಕಿಟಕಿಯಿಂದ ಇಣುಕಿ ಎಣಿಸಿ ವಿಮಾ ಕಂಪನಿಯ ಅಂದಾಜು ಸರಿಯಿತ್ತೆಂದು ತೀರ್ಮಾನಿಸಿದಂತೆ ಇದು. ಮುನ್ಸೂಚನೆಯ ತಂತ್ರಾಂಶ ಎಷ್ಟೇ ಚತುರವಾಗಿದ್ದರೂ, ಕೃತಕ ಬುದ್ಧಿಮತ್ತೆಯೆಂಬ ಹಣೆಪಟ್ಟಿ ಹೊತ್ತು ಬಂದರೂ, ಅದನ್ನು ತಾಳೆ ನೋಡುವ ಲೆಕ್ಕವೇ ಅರೆಬರೆಯಾಗಿದ್ದರೆ ಅದರ ಮಾತಿಗೆ ಬೆಲೆಯಿಲ್ಲ.

ಪೊಟ್ಟಣದ ಮೇಲಿನ ಕೋಷ್ಟಕ

ಉದ್ಯಮದ ಹೊಣೆ ಆರಂಭವಾಗುವುದು ಇಲ್ಲಿ. ಬಲೂನಿನ ಪ್ರತಿ ಪೊಟ್ಟಣದ ಜೊತೆ ಒಂದು ಕೋಷ್ಟಕ ಬರುತ್ತದೆ. ಇಷ್ಟು ಅಟ್ಮಾಸ್ಫಿಯರಿಗೆ ಇಷ್ಟು ಮಿಲಿಮೀಟರ್ ವ್ಯಾಸ ಎಂದು ಅದರಲ್ಲಿ ನಮೂದಾಗಿರುತ್ತದೆ. ನಿಗದಿತ ವ್ಯಾಸ ತಲುಪುವ ಒತ್ತಡ ಒಂದು. ಮೀರಬಾರದ ಒತ್ತಡ ಇನ್ನೊಂದು. ಈ ಎರಡನೆಯದರ ಅರ್ಥ ಖಚಿತವಾದದ್ದು: ಆ ಒತ್ತಡದಲ್ಲಿ ಸಾವಿರ ಬಲೂನುಗಳಲ್ಲಿ 999 ಒಡೆಯುವುದಿಲ್ಲವೆಂದು ಶೇಕಡಾ 95ರ ಸಂಖ್ಯಾಶಾಸ್ತ್ರೀಯ ಭರವಸೆಯೊಡನೆ ಹೇಳಬಲ್ಲಷ್ಟು ಪರೀಕ್ಷೆ ನಡೆದಿದೆ ಎಂದು. ಇದು ಮೆಚ್ಚತಕ್ಕ ಶಿಸ್ತು. ಆದರೆ ಈ ಕೋಷ್ಟಕ ಹೇಳುವುದು ಬಲೂನು ಯಾವಾಗ ಒಡೆಯುತ್ತದೆ ಎಂಬುದನ್ನು ಮಾತ್ರ. ನಾಳ ಯಾವಾಗ ಸೀಳುತ್ತದೆ ಎಂಬುದರ ಬಗ್ಗೆ ಅದರಲ್ಲಿ ಅಕ್ಷರವೂ ಇಲ್ಲ.

ಅದಕ್ಕೆ ಕಾರಣವೂ ಇದೆ. ಕೋಷ್ಟಕದ ವ್ಯಾಸವನ್ನು ಅಳೆಯುವುದು ಬಲೂನಿಗೆ ಸುತ್ತಲೂ ಯಾವ ತಡೆಯೂ ಇಲ್ಲದಿರುವಾಗ, ದೇಹದ ಉಷ್ಣತೆಯ ನೀರಿನಲ್ಲಿ. ಒಂದು ಮಗ್ಗುಲಲ್ಲಿ ಕಲ್ಲಿನಂಥ ಕ್ಯಾಲ್ಸಿಯಂ, ಇನ್ನೊಂದು ಮಗ್ಗುಲಲ್ಲಿ ಮೆದು ಗೋಡೆ ಇರುವ ನಾಳದೊಳಗೆ ಅದೇ ಬಲೂನು ಬೇರೆಯೇ ಆಕಾರ ತಾಳುತ್ತದೆ. ತುದಿಗಳಲ್ಲಿ ಎಷ್ಟು ಉಬ್ಬುತ್ತದೆ, ಮೆದು ಮಗ್ಗುಲನ್ನು ಎಷ್ಟು ಎಳೆಯುತ್ತದೆ ಎಂಬುದು ಬಲೂನಿನ ಪ್ಲಾಸ್ಟಿಕ್, ಗೋಡೆಯ ದಪ್ಪ, ಮಡಿಕೆಗಳ ಸಂಖ್ಯೆ ಇವುಗಳನ್ನು ಅವಲಂಬಿಸಿದೆ. ಅಂದರೆ ಅದು ತಯಾರಕನಿಗೆ ಮಾತ್ರ ತಿಳಿಯಬಲ್ಲ ವಿಷಯ. ತಯಾರಕ ಅಳೆಯದಿದ್ದರೆ ಬೇರೆ ಯಾರೂ ಅಳೆಯಲಾರರು.

ಅಳೆಯಲು ಬೇಕಾದದ್ದು ಆಕಾಶದ ವಿದ್ಯೆಯಲ್ಲ. ಸಿಲಿಕೋನ್ ರಬ್ಬರಿನ ಅಥವಾ ಅಂಟುಜೆಲ್ಲಿನ ಕೃತಕ ನಾಳ, ಅದರ ಗೋಡೆಯಲ್ಲಿ 90, 180, 270, 360 ಡಿಗ್ರಿಗಳ ಜಿಪ್ಸಮ್ ಕಮಾನುಗಳು, ಬಿಸಿನೀರಿನ ತೊಟ್ಟಿ, ಮೋಟಾರಿನಿಂದ ನಿಧಾನವಾಗಿ ಚಲಿಸುವ ಸಿರಿಂಜು, ಒತ್ತಡ ಮತ್ತು ಪರಿಮಾಣಗಳನ್ನು ಒಟ್ಟಿಗೆ ದಾಖಲಿಸುವ ಸಾಧನ, ಒಂದು ಕ್ಯಾಮೆರಾ. ಪೀಣ್ಯದಲ್ಲಿ ಹೈಡ್ರಾಲಿಕ್ ಹೋಸ್ ಪರೀಕ್ಷಿಸುವ ಘಟಕಗಳಿಗೆ, ಜಿಗ್ ಫಿಕ್ಸ್‌ಚರ್ ಮಾಡುವವರಿಗೆ ಇದರಲ್ಲಿ ಪರಿಚಿತವಲ್ಲದ ಭಾಗ ಬಹಳ ಕಡಿಮೆ. ಮುಚ್ಚಿದ ಕೊಳವೆಯಲ್ಲಿ ದ್ರವ ತುಂಬುತ್ತಿರುವಾಗ ತಡೆಯೊಂದು ಒಮ್ಮೆಲೆ ಬಿಟ್ಟುಕೊಟ್ಟರೆ ಒತ್ತಡದ ಗೆರೆ ಥಟ್ಟನೆ ಕುಸಿಯುತ್ತದೆ. ಆ ಕುಸಿತ ಎಷ್ಟು ಅಟ್ಮಾಸ್ಫಿಯರಿನಲ್ಲಿ, ಎಷ್ಟು ಹಠಾತ್ತಾಗಿ ಆಯಿತೆಂಬುದೇ ಬೆಲೆಯುಳ್ಳ ಮಾಹಿತಿ. ಕೃತಕ ನಾಳ ಮನುಷ್ಯನ ನಾಳವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಒಂದೇ ಬೆಂಚಿನ ಮೇಲೆ ಎರಡು ತಯಾರಕರ ಬಲೂನುಗಳನ್ನು ಹೋಲಿಸಲು ಅದು ಸಾಕು. ಸದ್ಯಕ್ಕೆ ಅಷ್ಟು ಹೋಲಿಕೆಯೂ ಖರೀದಿದಾರನ ಕೈಗೆ ಸಿಗುತ್ತಿಲ್ಲ.

ಪೊಟ್ಟಣದ ಮೇಲೆ ಇನ್ನೊಂದು ಸಾಲನ್ನೂ ಸೇರಿಸಬಹುದು. ಬಲೂನನ್ನು ಎಷ್ಟು ನಿಧಾನವಾಗಿ ಹಿಗ್ಗಿಸಬೇಕು, ಎಷ್ಟು ಹೊತ್ತು ಹಿಗ್ಗಿಸಿ ಹಿಡಿಯಬೇಕು ಎಂಬುದು. 30 ಸೆಕೆಂಡಿಗೆ ಬದಲು 180 ಸೆಕೆಂಡು ಹಿಡಿದಾಗ ದೊಡ್ಡ ಸೀಳುಗಳು ಕಡಿಮೆಯಾದವೆಂದು 2002ರಲ್ಲಿಯೇ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ. ಕಾಸಿನ ಖರ್ಚಿಲ್ಲದ ಈ ಎಚ್ಚರಿಕೆಗೆ ಜಾಹೀರಾತು ಕೊಡುವವರು ಯಾರೂ ಇಲ್ಲದಿರುವುದು ಸಹಜವೇ.

ವಿತರಕನ ಕಪಾಟು

ಉಪಕರಣ ವಿತರಕರು ಹಾನಿಯ ಪ್ರಶ್ನೆಯನ್ನು ತಮಗೆ ಸಂಬಂಧಿಸಿದ್ದೆಂದು ಭಾವಿಸುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಮೊಣಕಾಲಿನ ಕೆಳಗಿನ ನಾಳಗಳ ವ್ಯಾಸ ಸುಮಾರು ಎರಡರಿಂದ ಮೂರೂವರೆ ಮಿಲಿಮೀಟರ್. ಪಾದದ ಕಡೆಗೆ ಹೋದಂತೆ ಕಿರಿದಾಗುತ್ತದೆ. ಎರಡೂವರೆ ಮಿಲಿಮೀಟರ್ ನಾಳಕ್ಕೆ ಮೂರು ಮಿಲಿಮೀಟರ್ ಬಲೂನು ಹಾಕಿದರೆ ಗೋಡೆ ಶೇಕಡಾ 20ರಷ್ಟು ಹಿಗ್ಗಲೇಬೇಕು. ಜೊತೆಗೆ, ಒಂದೇ ಒತ್ತಡದಲ್ಲಿ ದೊಡ್ಡ ವ್ಯಾಸದ ಬಲೂನು ಗೋಡೆಯ ಮೇಲೆ ಹಾಕುವ ಎಳೆತವೂ ವ್ಯಾಸದ ಪ್ರಮಾಣದಲ್ಲಿಯೇ ಹೆಚ್ಚು. ಬಾಯ್ಲರ್ ತಯಾರಕರಿಗೆ ಈ ಸೂತ್ರ ಬಾಯಿಪಾಠ. ಅರ್ಧ ಮಿಲಿಮೀಟರ್ ಎಂಬುದು ಬಟ್ಟೆ ಅಂಗಡಿಯಲ್ಲಿ ಅಳತೆಯೇ ಅಲ್ಲ, ಈ ನಾಳದಲ್ಲಿ ಅದೇ ಸೀಳಿಗೂ ಸರಿಯಾದ ಚಿಕಿತ್ಸೆಗೂ ನಡುವಿನ ಅಂತರವಾಗಬಹುದು.

ಆದರೆ ಅರ್ಧ ಅಳತೆಯ ಸರಕು ನಿಧಾನವಾಗಿ ಖರ್ಚಾಗುತ್ತದೆ. ಅವಧಿ ಮುಗಿದರೆ ನಷ್ಟ. ಉದ್ದದ ಬಲೂನು, ಗಿಡ್ಡ ಬಲೂನು ಎಂದು ಪ್ರತಿ ವ್ಯಾಸದಲ್ಲಿಯೂ ನಾಲ್ಕಾರು ಬಗೆ ಇಡಬೇಕಾದರೆ ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಜಿಲ್ಲಾ ಕೇಂದ್ರದ ವಿತರಕ ಎರಡು, ಮೂರು, ನಾಲ್ಕು ಎಂಬ ಪೂರ್ಣಾಂಕಗಳನ್ನು ಮಾತ್ರ ಇಟ್ಟುಕೊಳ್ಳುವ ಆಸೆಗೆ ಬೀಳುವುದು ಅರ್ಥವಾಗುವಂಥದೇ. ರೋಗಿ ಮೇಜಿನ ಮೇಲಿರುವಾಗ ಎರಡೂವರೆಯದು ಇಲ್ಲವೆಂದಾದರೆ ವೈದ್ಯರ ಮುಂದೆ ಎರಡೇ ದಾರಿ: ಸಾಲದಷ್ಟು ಹಿಗ್ಗಿಸುವುದು ಅಥವಾ ಮಿತಿಮೀರಿ ಹಿಗ್ಗಿಸುವುದು. ಆ ಕ್ಷಣದಲ್ಲಿ ಹಾನಿಯ ಸಂಭವವನ್ನು ನಿರ್ಧರಿಸಿದ್ದು ಕ್ಯಾಲ್ಸಿಯಂ ಮಾತ್ರವಲ್ಲ, ಕಪಾಟೂ ಹೌದು. ಎಷ್ಟು ಡಿಗ್ರಿ ಕ್ಯಾಲ್ಸಿಯಂ ಎಂದು ಗಣಕಯಂತ್ರ ಹೇಳಿದರೂ ಸರಿಯಾದ ಅಳತೆ ಕೈಗೆಟಕದಿದ್ದರೆ ಆ ಜ್ಞಾನದಿಂದ ಪ್ರಯೋಜನವೇನು? ಹಲವು ವಿತರಕರು ಸೇರಿ ಅಪರೂಪದ ಅಳತೆಗಳನ್ನು ಒಂದೆಡೆ ದಾಸ್ತಾನು ಮಾಡಿ, ಅಗತ್ಯಬಿದ್ದಾಗ ಪರಸ್ಪರ ಒದಗಿಸಿಕೊಳ್ಳುವ ಏರ್ಪಾಟು ಔಷಧ ವ್ಯಾಪಾರಕ್ಕೆ ಹೊಸದಲ್ಲ. ಬಲೂನಿಗೂ ಅದನ್ನು ವಿಸ್ತರಿಸಲು ಅಡ್ಡಿಯೇನೂ ಕಾಣದು.

ಅತಿ ಕಡಿಮೆ ದರ ನಮೂದಿಸಿದವರಿಗೇ ಟೆಂಡರು ಎಂಬ ನಿಯಮವೂ ಇಲ್ಲಿ ದೋಷಿಯೇ. ಒಂದು ಬಲೂನಿಗೆ ಉಳಿಸಿದ ಹಣ, ಸೀಳಿದ ನಾಳಕ್ಕೆ ಹಾಕಬೇಕಾದ ಒಂದು ಸ್ಟೆಂಟಿನಲ್ಲಿ ಕರಗಿಹೋಗುತ್ತದೆ. ಹೃದಯದ ಸ್ಟೆಂಟುಗಳಿಗೆ 2017ರ ಫೆಬ್ರವರಿಯಲ್ಲಿ ಸರ್ಕಾರ ಗರಿಷ್ಠ ಬೆಲೆ ನಿಗದಿಪಡಿಸಿದಾಗ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಸಾದಾ ಸ್ಟೆಂಟಿಗೆ 7,260 ರೂಪಾಯಿ ಎಂದಾಗ, ದೇಶದಾದ್ಯಂತ ಚರ್ಚೆ ನಡೆಯಿತು. ಸ್ಟೆಂಟಿನ ಅಗತ್ಯವೇ ಬೀಳದಂತೆ ಮಾಡುವ ಪರೀಕ್ಷೆಗೆ, ಅಳತೆಗೆ ಬೆಲೆ ಎಷ್ಟೆಂಬ ಚರ್ಚೆ ನಡೆಯಲಿಲ್ಲ.

ಕಡಿಮೆ ಹಾನಿಗೆ ಮಾರುಕಟ್ಟೆ ಕೊಟ್ಟ ಬೆಲೆ

ಹಾನಿ ತಗ್ಗಿಸುವುದರಲ್ಲಿ ಲಾಭವಿಲ್ಲವೆಂದು ಭಾವಿಸುವವರು ಗಮನಿಸಬೇಕಾದ ಉದಾಹರಣೆ ಇದೆ. ಮೂತ್ರಪಿಂಡದ ಕಲ್ಲನ್ನು ಆಘಾತ ತರಂಗದಿಂದ ಪುಡಿಮಾಡುವ ಹಳೆಯ ತತ್ತ್ವವನ್ನೇ ಬಲೂನಿನೊಳಗೆ ಅಳವಡಿಸಿ, ಕಡಿಮೆ ಒತ್ತಡದಲ್ಲಿ ಕ್ಯಾಲ್ಸಿಯಂ ಬಿರಿಯುವಂತೆ ಮಾಡುವ ಉಪಕರಣವನ್ನು ಅಮೆರಿಕದ ಶಾಕ್‌ವೇವ್ ಮೆಡಿಕಲ್ ಕಂಪನಿ ತಯಾರಿಸಿತು. ಕಾಲಿನ ನಾಳ ಸುಣ್ಣಗಟ್ಟಿದ್ದ 306 ರೋಗಿಗಳಲ್ಲಿ ಅದನ್ನು ಸಾದಾ ಬಲೂನಿನೊಡನೆ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ರಕ್ತದ ಹರಿವನ್ನು ತಡೆಯುವಂಥ ಸೀಳು ಸಾದಾ ಬಲೂನಿನಲ್ಲಿ ಶೇಕಡಾ 6.8 ಇದ್ದರೆ ಹೊಸ ಉಪಕರಣದಲ್ಲಿ 1.4, ಸ್ಟೆಂಟ್ ಹಾಕಬೇಕಾಗಿ ಬಂದದ್ದು ಅಲ್ಲಿ ಶೇಕಡಾ 18.3, ಇಲ್ಲಿ 4.6. ಹೃದಯಕ್ಕೂ ಕಾಲಿಗೂ ಉಪಕರಣ ಒದಗಿಸುತ್ತಿದ್ದ ಆ ಕಂಪನಿಯನ್ನು 2024ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 13.1 ಶತಕೋಟಿ ಡಾಲರಿಗೆ ಕೊಂಡುಕೊಂಡಿತು.

ಆ ಅಂಕಿಗಳನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕು. ಸಾದಾ ಬಲೂನು ಹಾಕಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿಗೆ ಹರಿವನ್ನು ತಡೆಯುವ ಸೀಳು ಆಗಲೇ ಇಲ್ಲ. ಯಾರಿಗೆ ಆಗುತ್ತದೆಂದು ಮೊದಲೇ ತಕ್ಕಮಟ್ಟಿಗೆ ತಿಳಿದರೆ ದುಬಾರಿ ಉಪಕರಣವನ್ನು ಅವರಿಗೆ ಮೀಸಲಿಟ್ಟು ಉಳಿದವರಿಗೆ ಸಾದಾ ಬಲೂನನ್ನೇ ಬಳಸಬಹುದು. ಚಿಕಿತ್ಸೆಯ ವೆಚ್ಚವನ್ನು ಮನೆಯ ಚಿನ್ನ ಅಡವಿಟ್ಟು ಭರಿಸುವ ಕುಟುಂಬಗಳಿರುವ ದೇಶದಲ್ಲಿ ಮುನ್ಸೂಚನೆಯ ನಿಜವಾದ ಉಪಯೋಗ ಈ ವಿಂಗಡಣೆಯೇ. ಎಲ್ಲರಿಗೂ ದುಬಾರಿ ಉಪಕರಣವೆಂಬ ಮಾರಾಟಗಾರರ ಉತ್ಸಾಹವೂ, ಎಲ್ಲರಿಗೂ ಅಗ್ಗದ ಬಲೂನೆಂಬ ಟೆಂಡರು ಸಮಿತಿಯ ಉತ್ಸಾಹವೂ ಈ ವಿಂಗಡಣೆಯನ್ನು ತಪ್ಪಿಸುತ್ತವೆ.

ಕಾನೂನಿನ ಭಯ

ಹಾನಿಯ ಸಂಭವವನ್ನು ಮೊದಲೇ ಬರೆದಿಟ್ಟರೆ ನಾಳೆ ನ್ಯಾಯಾಲಯದಲ್ಲಿ ಅದೇ ಸಾಕ್ಷಿಯಾಗುವುದಿಲ್ಲವೇ ಎಂಬ ಅಳುಕು ತಯಾರಕರಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇರುವುದು ಸಹಜ. ಆದರೆ ಕಾನೂನಿನ ಒಲವು ಇದಕ್ಕೆ ವಿರುದ್ಧವಾಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ಹಾನಿ ತಪ್ಪಿಸಲು ಬೇಕಾದ ಸೂಚನೆ, ಎಚ್ಚರಿಕೆಗಳನ್ನು ಸಮರ್ಪಕವಾಗಿ ಕೊಡದ ತಯಾರಕ ಅದರ ಪ್ರಕಾರ ಹೊಣೆಗಾರ. ತಯಾರಕ ಕೊಟ್ಟ ಎಚ್ಚರಿಕೆಯನ್ನು ಮುಂದಕ್ಕೆ ದಾಟಿಸದ ಮಾರಾಟಗಾರನೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ. ತಿಳಿದದ್ದನ್ನು ಬರೆದು ಕೊಟ್ಟವನಿಗಿಂತ ಬರೆಯದೆ ಉಳಿದವನ ಸ್ಥಿತಿಯೇ ಕಷ್ಟದ್ದು.

ಮುನ್ಸೂಚನೆಯ ತಂತ್ರಾಂಶ ಮಾರಲು ಹೊರಡುವ ಹೊಸ ಉದ್ಯಮಿಗಳೂ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. 2020ರ ಅಧಿಸೂಚನೆಯ ನಂತರ ಚಿಕಿತ್ಸೆಗೆ, ರೋಗನಿರ್ಣಯಕ್ಕೆ ಬಳಕೆಯಾಗುವ ತಂತ್ರಾಂಶವೂ ವೈದ್ಯಕೀಯ ಉಪಕರಣವೇ. 2017ರ ವೈದ್ಯಕೀಯ ಉಪಕರಣ ನಿಯಮಗಳು ಅದಕ್ಕೂ ಅನ್ವಯ. ಪರೀಕ್ಷಾ ಬೆಂಚು ರೋಗಿಯ ಮೈ ಮುಟ್ಟುವುದಿಲ್ಲವಾದ್ದರಿಂದ ಅದನ್ನು ಕಟ್ಟುವವರಿಗೆ ಆ ತೊಡಕಿಲ್ಲ. ಸಣ್ಣ ಘಟಕಗಳು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಇದೂ ಒಂದು ಸುಳಿವು. ಗಣಕಯಂತ್ರದ ಮಾದರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ನಿರ್ಧರಿಸುವ ಕ್ರಮವನ್ನು ಅಮೆರಿಕದ ಯಂತ್ರ ಎಂಜಿನಿಯರುಗಳ ಸಂಘ 2018ರಲ್ಲಿ ಮಾನಕವಾಗಿ ಪ್ರಕಟಿಸಿದೆ. ಮಾದರಿಯ ಮಾತನ್ನು ನಂಬಿ ಕೈಗೊಳ್ಳುವ ನಿರ್ಧಾರ ತಪ್ಪಾದರೆ ಆಗುವ ಕೇಡು ಹೆಚ್ಚಾದಷ್ಟೂ ಪುರಾವೆಯೂ ಗಟ್ಟಿಯಾಗಿರಬೇಕು ಎಂಬುದು ಅದರ ತಿರುಳು. ಕಾಲು ಹೋಗಬಹುದಾದ ಕಡೆ ಪುರಾವೆ ಎಷ್ಟು ಗಟ್ಟಿ ಬೇಕೆಂದು ಹೇಳಬೇಕಾಗಿಲ್ಲ.

ಎರಡು ಕಾಲಮಿನ ರಿಜಿಸ್ಟರು

ಬೆಂಗಳೂರಿನಲ್ಲಿ ರಕ್ತನಾಳ ಚಿಕಿತ್ಸೆಗೆಂದೇ ಮೀಸಲಾದ ಸಂಸ್ಥೆಯಿದೆ. ಜೈನ್ ರಕ್ತನಾಳ ವಿಜ್ಞಾನ ಸಂಸ್ಥೆಯ ಹೆಸರು ಈ ಕ್ಷೇತ್ರದಲ್ಲಿ ಹೊರರಾಜ್ಯಗಳಿಗೂ ಪರಿಚಿತ. ಯಂತ್ರೋಪಕರಣ, ಪ್ಲಾಸ್ಟಿಕ್, ತಂತ್ರಾಂಶ ಮೂರರಲ್ಲಿಯೂ ಪಳಗಿದ ಸಣ್ಣ ಉದ್ದಿಮೆಗಳು ಅದೇ ನಗರದಲ್ಲಿವೆ. ಇವರನ್ನು ಒಂದು ಮೇಜಿನ ಸುತ್ತ ಕೂಡಿಸುವ ಕೆಲಸ ವಾಣಿಜ್ಯ ಮಂಡಲಿಗಳದು. ಸರ್ಕಾರದ ಅನುದಾನಕ್ಕೆ ಕಾಯುತ್ತ ಕುಳಿತರೆ ವರ್ಷಗಳೇ ಕಳೆದಾವು. ಹತ್ತು ಘಟಕಗಳು ಕೂಡಿ ಒಂದು ಪರೀಕ್ಷಾ ಬೆಂಚು ಕಟ್ಟುವುದು ಅಷ್ಟೇನೂ ದೊಡ್ಡ ಬಂಡವಾಳದ ಮಾತಲ್ಲ.

ಅದಕ್ಕೂ ಮೊದಲು ಆಗಬೇಕಾದದ್ದು ಇನ್ನೂ ಸರಳವಾದದ್ದು. ವ್ಯಾಪಾರಿಗೆ ಅಂದಾಜು ಪಟ್ಟಿಯೂ ಗೊತ್ತು, ವಾಸ್ತವ ಖರ್ಚಿನ ಪಟ್ಟಿಯೂ ಗೊತ್ತು. ಸರಕು ಮಾರಿದ ಮೇಲೆ ಬರೆದ ಅಂದಾಜನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಬಲೂನು ಚಿಕಿತ್ಸೆಯಲ್ಲಿಯೂ ಹಿಗ್ಗಿಸುವ ಮುನ್ನವೇ ಎಡಗಡೆಯ ಕಾಲಮು ತುಂಬಬೇಕು: ಕ್ಯಾಲ್ಸಿಯಂ ಎಷ್ಟು ಡಿಗ್ರಿ, ಎಷ್ಟು ಉದ್ದ, ನಾಳದ ವ್ಯಾಸವೆಷ್ಟು, ಬೇಕಾದ ಬಲೂನಿನ ಅಳತೆ ಯಾವುದು, ದೊರೆತದ್ದು ಯಾವುದು, ದೊಡ್ಡ ಸೀಳಿನ ಸಂಭವ ಇದೆಯೇ ಇಲ್ಲವೇ. ಮುಗಿದ ಮೇಲೆ ಬಲಗಡೆಯ ಕಾಲಮು: ಎಷ್ಟು ಒತ್ತಡ, ಎಷ್ಟು ಸೆಕೆಂಡು, ಸೀಳು ಎಲ್ಲಿ, ಅದನ್ನು ಯಾವ ಸಾಧನದಿಂದ ನೋಡಲಾಯಿತು, ಸ್ಟೆಂಟ್ ಬೇಕಾಯಿತೇ, ಆರು ತಿಂಗಳ ನಂತರ ಗಾಯ ಮಾಯ್ದಿದೆಯೇ. ರೋಗಿಯ ಹೆಸರು ಬೇಕಾಗಿಲ್ಲ. ಬಲೂನಿನ ಬ್ಯಾಚ್ ಸಂಖ್ಯೆ ಬೇಕು. ಎಡಗಡೆಯ ಕಾಲಮನ್ನು ತುಂಬುವವರೂ ಬಲಗಡೆಯದನ್ನು ತುಂಬುವವರೂ ಬೇರೆ ಬೇರೆ ವ್ಯಕ್ತಿಗಳಾಗಿರಬೇಕು, ಮತ್ತು ಪ್ರತಿ ಮೂರು ತಿಂಗಳಿಗೊಮ್ಮೆ ಅದರ ಒಂದು ಪ್ರತಿ ಬಲೂನು ತಯಾರಿಸಿದ ಘಟಕಕ್ಕೆ, ಇನ್ನೊಂದು ಪ್ರತಿ ಅದನ್ನು ಪೂರೈಸಿದ ವಿತರಕನಿಗೆ ತಲುಪಬೇಕು.